ಪೂರಾ ಸಾಲಿಡ್ ಕಟಗಿಯ ಗಿಟಾರ್ ಮೊದಲ ಸಲ ಕೈಗೆ ಬಂದಾಗ ಏನ್ ನೋಡಬೇಕು?

ಶಹಾಪುರ_ಹುಡುಗ (ಬೆಳಗಾವಿ)

ನಮಸ್ಕಾರ್ರಿ ಎಲ್ಲಾರಿಗೂ. ಇಲ್ಲಿತನಕ ಹತ್ತ-ಹನ್ನೆರಡ ಸಾವಿರದ ಪ್ಲೈವುಡ್ ಗಿಟಾರಷ್ಟ ಗೊತ್ತು. ಟಿಳಕವಾಡಿಯಾಗ ಒಬ್ಬರು ಕೈಲೆ ಮಾಡಿದ ಸ್ಟೀಲ್ ತಂತಿಯ ಗಿಟಾರ್ ಮಾರಾಕತ್ತಾರ. ಮ್ಯಾಲೆ ಸ್ಪ್ರೂಸ್, ಹಿಂದ ಬೀಟಿ (ರೋಸ್‌ವುಡ್), ಫ್ರೆಟ್‌ಬೋರ್ಡ್ ಎಬೊನಿ ಅಂತಾರ. ರವಿವಾರ ನೋಡಾಕ ಹೋಗಬೇಕು. ಅಂಥಾದ್ದನ್ನ ಮೊದಲ ಸಲ ಹಿಡಿಯಾವ ಏನ್ ನೋಡಬೇಕು, ಯಾವುದು ಮೊದಲ, ಯಾವುದು ಆಮ್ಯಾಲೆ? "ಚಲೋ ಸೌಂಡ್ ಐತಿ" ಅನ್ನೋ ಮಾತ ಬಿಟ್ಟು ಹೇಳ್ರಿ.

ಆರನೇ_ತಂತಿ (ಬೆಳಗಾವಿ)

ತಮ್ಮಾ, ಮೊದಲಿನ ಹದಿನೈದ ಮಿನಿಟು ಬಾರಿಸೂದ ಬ್ಯಾಡ. ಚಲೋ ಗಿಟಾರ್ ಒಂದ ಸಲ ಮೀಟಿದ್ರ ಕಿವಿ ಸೋಲತೈತಿ, ಆಮ್ಯಾಲೆ ಕಣ್ಣಿಗೆ ಏನೂ ಕಾಣೂದಿಲ್ಲ.

ಬೆಲ್ಟಿನ ಬಕ್ಕಲ್, ಝಿಪ್ಪಿನ ಜಾಕೀಟು, ಕಡಗ, ಉಂಗುರ ತಗದಿಡು. ಇಂಥಾ ಗಿಟಾರಿನ ಮ್ಯಾಲಿನ ಪಾಲಿಶ್ ಭಾಳ ತೆಳ್ಳಗಿರತೈತಿ. ದಪ್ಪ ಬಳದ್ರ ಟಾಪ್ (ಮ್ಯಾಲಿನ ಹಲಗಿ) ನಡಗೂದಿಲ್ಲ, ಅದಕ್ಕ ಹಂಗ. ನೈಟ್ರೊಸೆಲ್ಯುಲೋಸ್ ಲ್ಯಾಕರ್ ಇದ್ರ ಸೊಳ್ಳಿ ಮುಲಾಮು ಹಚ್ಚಿದ ಕೈ ತಾಗಿದ್ರೂ ಮೆತ್ತಗಾಗಿ ಬೆರಳಿನ ಗುರ್ತು ಬೀಳತಾವ. ಅರಗಿನ ಫ್ರೆಂಚ್ ಪಾಲಿಶ್ ಇದ್ರ ಸ್ಯಾನಿಟೈಸರ್ ಅದಕ್ಕ ವೈರಿ. ಕೈ ತೊಳಕೊಂಡು, ಒಣ ಅರಿಬಿಲೆ ಒರಸ್ಕೊಂಡು ಹಿಡಿ.

ಈಗ ಸೌಂಡ್ ಹೋಲಿನ ಅಂಚು ನೋಡು. ಟಾಪಿನ ಗೆರಿ ಅಂಚಿನಾಗ ಸೀದಾ ಕೆಳಗ ಇಳದ್ರ ಸಾಲಿಡ್, ಅಂದ್ರ ಒಂದ ಪದರದ ಕಟಗಿ. ಮೂರ ಪದರ ಕಂಡು, ನಡುವಿನ ಪದರ ಅಡ್ಡ ಇದ್ರ ಪ್ಲೈ. ಅಂಚಿಗೆ ಬೈಂಡಿಂಗ್ ಪಟ್ಟಿ ಹಾಕಿ ಮುಚ್ಚಿದ್ರ ಅಷ್ಟಕ್ಕ ಮೋಸ ಅನ್ನಬ್ಯಾಡ, ಒಳ್ಳೆ ಗಿಟಾರಿಗೂ ಹಾಕ್ತಾರ. ಆಗ ಹಿಂದಿನ ಹಲಗಿ ನೋಡು. ಹೊರಗ ಎಲ್ಲಿ ಕರೆ ಪಟ್ಟಿ ಐತಿ, ಒಳಗೂ ಅಲ್ಲೇ ಇರಬೇಕು. ಹೊರಗೊಂದು ಒಳಗೊಂದು ಇದ್ರ ಮ್ಯಾಲೆ ತೆಳು ವಿನೀರ್ ಅಂಟಿಸ್ಯಾರ.

ಮೊಬೈಲ್ ಟಾರ್ಚ್ ಹಚ್ಚಿ, ಆರು ತಂತಿ ಸಡ್ಲ ಮಾಡಾಕ ಮಾಲಕರ ಒಪ್ಪಿಗಿ ತಗೊಂಡು, ಮೊಬೈಲನ್ನ ಹೋಲಿನೊಳಗ ಇಳಿಸಿ ವಿಡಿಯೋ ಮಾಡು. ಟಾಪಿನ ಕೆಳಗ ಎಕ್ಸ್ ಆಕಾರದ ಎರಡು ಪಟ್ಟಿ ಕಾಣತಾವ. ಅದು ಮಾರ್ಟಿನ್ ಕಂಪನಿಯವರು 1840ರ ದಶಕದಾಗ ಹಚ್ಚಿದ ಪದ್ಧತಿ, ಸ್ಟೀಲ್ ತಂತಿಯ ಗಿಟಾರಿಗೆ ಇವತ್ತಿಗೂ ಅದ ನಡದೈತಿ. ಪಟ್ಟಿಯ ತುದಿ ಟಾಪ್ ಬಿಟ್ಟು ಎದ್ದಾವೇನು, ಎಕ್ಸ್ ಕೂಡೂ ಜಾಗಾ ಬಾಯಿ ಬಿಟ್ಟೈತೇನು, ಸಂದಿನಾಗ ಕರೆ ಗೆರಿ ಅದಾವೇನು ನೋಡು. ಗೋಂದು ಎರಡ ಹನಿ ಹೊರಗ ಬಂದಿದ್ರ ಅದು ತಪ್ಪಲ್ಲ. ಪಟ್ಟಿ ಸಡ್ಲಾಗಿದ್ರ ಬೆರಳಿನ ಗೆಣ್ಣಿಲೆ ಟಾಪ್ ಮೆತ್ತಗ ತಟ್ಟಿದಾಗ ಒಂದು ಕಡೆ "ಟರ್" ಅನ್ನೋ ಸಪ್ಪಳ ಬರತೈತಿ.

ಟಾಪ್ ಪೂರಾ ಸಪಾಟ ಇಲ್ಲಂದ್ರ ಗಾಬ್ರಿ ಆಗಬ್ಯಾಡ. ಕೈಲೆ ಮಾಡೂವರು ಸಣ್ಣ ಉಬ್ಬು ಕೊಟ್ಟ ಕಟ್ಟತಾರ. ತಂತಿ ಎಳದಾಗ ಬ್ರಿಜ್ಜಿನ (ಟಾಪಿನ ಮ್ಯಾಲೆ ತಂತಿ ಸಿಗಿಸೂ ಕಟಗಿ ತುಂಡು) ಹಿಂದ ಸ್ವಲ್ಪ ಹೊಟ್ಟಿ ಬರೂದೂ ಸಹಜ. ಬ್ರಿಜ್ಜಿನ ಹಿಂದಿನ ಅಂಚಿನ ಕೆಳಗ ಎ4 ಹಾಳಿ ತುದಿ ತೂರಿಸಿ ನೋಡು. ಒಳಗ ಹೋತಂದ್ರ ಬ್ರಿಜ್ ಏಳಾಕತ್ತೈತಿ. ಬ್ರಿಜ್ಜಿಗೂ ಹೋಲಿಗೂ ನಡುವ ಟಾಪ್ ತಗ್ಗಾಗಿದ್ರ ಅದು ಇನ್ನೂ ಕೆಟ್ಟ ಲಕ್ಷಣ.

ನವನಗರ_ನೋಟ್ (ಬಾಗಲಕೋಟೆ)

ಮೇಲಿನದೆಲ್ಲ ಸರಿ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಬೀಟೆ ಎಂಬ ಹೆಸರಿಗೆ ಹೆಚ್ಚು ದುಡ್ಡು ಕೊಡಬೇಡಿ. 2018ರಲ್ಲಿ ಇಂಗ್ಲೆಂಡಿನ ಲಂಕಾಸ್ಟರ್ ವಿಶ್ವವಿದ್ಯಾಲಯದವರು ಹಿಂಬದಿ ಮತ್ತು ಪಕ್ಕದ ಮರ ಮಾತ್ರ ಬೇರೆಯಾಗಿದ್ದು ಉಳಿದದ್ದೆಲ್ಲ ಒಂದೇ ಆಗಿದ್ದ ಆರು ಗಿಟಾರುಗಳನ್ನು 52 ವಾದಕರ ಕೈಗೆ ಕೊಟ್ಟು, ಯಾವುದೆಂದು ಕಾಣದ ಹಾಗೆ ಮಾಡಿ ನುಡಿಸಿಸಿದರು. ಬ್ರೆಜಿಲಿಯನ್ ರೋಸ್‌ವುಡ್, ನಮ್ಮ ಬೀಟೆ, ಮಹೋಗನಿ, ಮೇಪಲ್, ಸಪೇಲಿ, ವಾಲ್‌ನಟ್ ಎಲ್ಲ ಇದ್ದವು. ವಾದಕರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಟಾಪಿನ ದಪ್ಪ, ಪಟ್ಟಿಗಳ ತೂಕ, ಕಟ್ಟಿದವರ ಕೈ, ಸೆಟಪ್ (ತಂತಿಯ ಎತ್ತರ, ಕುತ್ತಿಗೆಯ ಹೊಂದಾಣಿಕೆ) ಇವೇ ಸದ್ದನ್ನು ತೀರ್ಮಾನಿಸುವುದು.

ಕಾಗದಪತ್ರದ ಸಂಗತಿಯೂ ಇದೆ. ಬ್ರೆಜಿಲಿಯನ್ ರೋಸ್‌ವುಡ್ ಒಂದನ್ನು ಬಿಟ್ಟು ಬೀಟೆಯ ಡಾಲ್ಬರ್ಜಿಯಾ ಕುಲ ಪೂರ್ತಿಯಾಗಿ 2017ರ ಜನವರಿಯಿಂದ ಸೈಟಿಸ್ ಒಪ್ಪಂದದ (ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದ) ಎರಡನೇ ಅನುಬಂಧದಲ್ಲಿದೆ. ತಯಾರಾದ ವಾದ್ಯಗಳಿಗೆ 2019ರ ನವೆಂಬರಿನಲ್ಲಿ ವಿನಾಯಿತಿ ಬಂತು. ಬ್ರೆಜಿಲಿಯನ್ ರೋಸ್‌ವುಡ್ 1992ರಿಂದ ಮೊದಲನೇ ಅನುಬಂಧದಲ್ಲಿದೆ, ಅದಕ್ಕೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಮಾರುವವರು "ಇದು ಬ್ರೆಜಿಲಿಯನ್" ಎಂದು ಬೆಲೆ ಏರಿಸಿದರೆ ಪರವಾನಗಿ ಕಾಗದ ಕೇಳಿ. ಹೆಚ್ಚಿನ ಸಲ ಮಾತು ಅಲ್ಲಿಗೇ ನಿಲ್ಲುತ್ತದೆ.

ಜವಾರಿ_ಕಿವಿ (ಬೆಳಗಾವಿ)

ನವನಗರದವರ ಮಾತಿಗೆ ಅರ್ಧ ಒಪ್ಪಿಗಿ ಐತ್ರಿ. ಆದ್ರ ಬೀಟಿ ತೂಕದ್ದು, ಗಟ್ಟಿ, ಬೆವರಿಗೆ ಸುಲಭ ಬಗ್ಗೂದಿಲ್ಲ. ಸದ್ದಿನ ಸಲುವಾಗಿ ಅಲ್ಲ, ಬಾಳಿಕಿ ಸಲುವಾಗಿ ಅದಕ್ಕ ಬೆಲಿ ಕೊಡೂದ್ರಾಗ ತಪ್ಪೇನಿಲ್ಲ.

ನಾ ಬರದಿದ್ದು ಬ್ಯಾರೆ ಮಾತಿಗೆ. ನಮ್ಮ ಕಡೆ ತಂಬೂರಿ, ಸಿತಾರ ಕೇಳಿ ಬೆಳದ ಕಿವಿ ಭಾಳ. ಮಿರಜ ಇಲ್ಲೇ ಬಾಜೂಕ ಐತಿ, ಅಲ್ಲಿನ ಸಿತಾರ-ತಂಬೂರಿಗೆ ಜಿಐ ಟ್ಯಾಗೂ ಸಿಕ್ಕೈತಿ. ಆ ಕಿವಿಲೆ ಗಿಟಾರ್ ಕೇಳಿದ್ರ ಒಂದು ಮೋಸ ಆಗತೈತಿ. ತಂಬೂರಿಯ ಘೋಡಿ (ಬ್ರಿಜ್) ಮ್ಯಾಲೆ ಅಗಲದ ಇಳಕಲು ಇರತೈತಿ, ತಂತಿ ಅದನ್ನ ಸವರಿಕೋತ ನಡಗತೈತಿ, ಅದಕ್ಕ ಝೇಂಕಾರ ಬರೂದು. ಅದ ಜವಾರಿ. ಗಿಟಾರಿನಾಗ ಅದ ಝೇಂಕಾರ ಕೇಳಿಸಿದ್ರ "ಆಹಾ" ಅನ್ನಬ್ಯಾಡ್ರಿ, ಅದು ದೋಷ. ಇಲ್ಲೆ ತಂತಿ ಸ್ಯಾಡಲಿನ (ಬ್ರಿಜ್ಜಿನಾಗ ತಂತಿ ಆತು ನಿಲ್ಲೂ ಸಣ್ಣ ಪಟ್ಟಿ) ಒಂದ ಬಿಂದುವಿನಿಂದ ಚೊಕ್ಕ ಬಿಟ್ಟು ಹೊರಡಬೇಕು. ಸ್ಯಾಡಲಿನ ನೆತ್ತಿ ಸಪಾಟ ಆಗಿದ್ರ, ಇಲ್ಲಾ ತಂತಿ ಕೊರದು ಅದರಾಗ ಕಚ್ಚು ಬಿದ್ದಿದ್ರ ಸಿತಾರಿನಂಥ ಸಪ್ಪಳ ಬರತೈತಿ.

ಹುಡುಕೂದು ಹಿಂಗ: ತಂತಿ ಖುಲ್ಲಾ ಮೀಟ್ರಿ, ಝೇಂಕಾರ ಬಂತು. ಒಂದನೇ ಫ್ರೆಟ್ (ಫ್ರೆಟ್‌ಬೋರ್ಡಿನ ಲೋಹದ ಅಡ್ಡ ಪಟ್ಟಿ) ಒತ್ತಿ ಮೀಟ್ರಿ. ಹೋತಂದ್ರ ದೋಷ ನಟ್ಟಿನ (ಫ್ರೆಟ್‌ಬೋರ್ಡಿನ ತುದಿಯಾಗ ತಂತಿ ಹಾಯೂ ಪಟ್ಟಿ) ಕಚ್ಚಿನೊಳಗ. ಕಚ್ಚಿನ ಇಳಕಲು ತಂತಿ ಬಿಗಿಯೂ ಕೀಗಳ ಕಡೆ ಇರಬೇಕು, ಎತ್ತರದ ಬಿಂದು ಫ್ರೆಟ್‌ಬೋರ್ಡಿನ ಕಡೆ. ಉಲ್ಟಾ ಕೊರದಿದ್ರ ಗುಂಯ್ ಅಂತೈತಿ. ಎಲ್ಲಾ ಫ್ರೆಟ್ಟಿನಾಗೂ ಅದ ಸಪ್ಪಳ ಉಳಿದ್ರ ಸ್ಯಾಡಲ್. ಎರಡೂ ರಿಪೇರಿ ಆಗೂವಂಥಾದ್ದು, ಗಿಟಾರ್ ಬಿಟ್ಟು ಬರೂವಷ್ಟು ದೊಡ್ಡ ಕಾರಣ ಅಲ್ಲ.

ಆರನೇ_ತಂತಿ (ಬೆಳಗಾವಿ)

ಚಲೋ ಹೇಳಿದ್ರಿ. ಈಗ ಅಳತಿಗೆ ಬರೂಣು. ಬೇಕಾಗೂದು ಅರ್ಧ ಮಿಲಿಮೀಟರ್ ಗುರ್ತಿನ ಸ್ಟೀಲ್ ಪಟ್ಟಿ, ಒಂದು ಕ್ಯಾಪೊ (ತಂತಿ ಒತ್ತಿ ಹಿಡಿಯೂ ಕ್ಲಿಪ್ಪು), ಎರಡ ಎ4 ಹಾಳಿ. ಸಾದಾ ಹಾಳಿಯ ದಪ್ಪ 0.1 ಮಿಮೀ ಸುಮಾರು. ಅದ ನಮ್ಮ ಗೇಜು.

ತಂತಿ ಸರಿಯಾದ ಸುರಕ್ಕ ಏರಿಸಿ ಚಾಲೂ ಮಾಡು, ಸಡ್ಲ ತಂತಿ ಇಟ್ಟು ಅಳದ್ರ ಎಲ್ಲಾ ಸುಳ್ಳು. 12-53 ತಂತಿ ಸೆಟ್ಟು (ಅಂಕಿ ತಂತಿಯ ದಪ್ಪದ್ದು) ಏರಿಸಿದಾಗ ಒಟ್ಟು ಎಳೆತ 70-75 ಕಿಲೋ ಇರತೈತಿ. ಆ ಭಾರದಾಗ ಕುತಗಿ ಹೆಂಗ ನಿಲ್ಲತೈತಿ ಅನ್ನೂದ ಪ್ರಶ್ನೆ.

ಒಂದನೇ ಫ್ರೆಟ್ಟಿಗೆ ಕ್ಯಾಪೊ ಹಾಕು, ದಪ್ಪ ತಂತಿಯನ್ನ 14ನೇ ಫ್ರೆಟ್ಟಿನಾಗ ಒತ್ತು. 7ನೇ ಫ್ರೆಟ್ಟಿಗೂ ತಂತಿಗೂ ನಡುವ ಒಂದ ಹಾಳಿ ಸಡ್ಲ ಹೋಗಬೇಕು, ಎರಡ ಹಾಳಿ ಹೋದ್ರೂ ನಡೀತೈತಿ. ಒಂದೂ ಹೋಗಲಿಲ್ಲಂದ್ರ ಕುತಗಿ ಹಿಂದ ಬಾಗೈತಿ. ನಾಕ-ಐದ ಹೋತಂದ್ರ ಮುಂದ ಬಾಗೈತಿ. ಟ್ರಸ್ ರಾಡಿನ (ಕುತಗಿಯೊಳಗಿನ ಲೋಹದ ಸಲಾಕಿ) ಕಾಲು ಸುತ್ತು ತಿರುವಿನಾಗ ಸರಿ ಆಗತೈತಿ, ಆದ್ರ ಆ ರಾಡು ತಿರುಗತೈತಿ ಅನ್ನೂದನ್ನ ಮಾಲಕರ ಕೈಲೇ ತೋರಿಸ್ಕೋ. ನೀ ಕೈ ಹಾಕಬ್ಯಾಡ.

ಕ್ಯಾಪೊ ತಗದು 12ನೇ ಫ್ರೆಟ್ಟಿನಾಗ ಎತ್ತರ ಅಳಿ. ದಪ್ಪ ತಂತಿಗೆ 2.4, ಸಣ್ಣ ತಂತಿಗೆ 1.8ರಿಂದ 2 ಮಿಮೀ ಇದ್ರ ಬೆರಳಿಗೆ ಹಿತ. 3 ಮಿಮೀ ದಾಟಿದ್ರ ಸ್ಯಾಡಲ್ ಎಷ್ಟು ಉಳದೈತಿ ನೋಡು. 12ರಾಗ ಅರ್ಧ ಮಿಲಿ ಇಳಸಬೇಕಂದ್ರ ಸ್ಯಾಡಲ್ ಒಂದು ಮಿಲಿ ಉಜ್ಜಬೇಕು, ಯಾವಾಗ್ಲೂ ಎರಡ ಪಟ್ಟು. ಎತ್ತರ ಭಾಳ, ಸ್ಯಾಡಲ್ ಮಾತ್ರ ಬ್ರಿಜ್ಜಿನ ಮ್ಯಾಲೆ ಎಳ್ಳಷ್ಟ ಕಾಣತೈತಿ ಅಂದ್ರ ರೋಗ ಸ್ಯಾಡಲಿಂದಲ್ಲ, ಕುತಗಿಯ ಕೋನದ್ದು. ಖಾತ್ರಿ ಮಾಡ್ಕೊಳ್ಳಾಕ ಉದ್ದ ಸೀದಾ ಪಟ್ಟಿಯನ್ನ ಫ್ರೆಟ್ಟುಗಳ ಮ್ಯಾಲೆ ಇಟ್ಟು ಬ್ರಿಜ್ಜಿನ ತನಕ ಸರಿಸು. ಪಟ್ಟಿ ಬ್ರಿಜ್ಜಿನ ನೆತ್ತಿಗೆ ತಾಗಬೇಕು. ನೆತ್ತಿಗಿಂತ ಕೆಳಗ ಹೋಗಿ ಬ್ರಿಜ್ಜಿನ ಮೊಗಕ್ಕ ಬಡದ್ರ ನೆಕ್ ರೀಸೆಟ್ (ಕುತಗಿ ಬಿಚ್ಚಿ ಕೋನ ಸರಿ ಮಾಡಿ ಕೂಡ್ರಿಸೂದು) ಬೇಕು. ಬೋಲ್ಟಿನ ಕುತಗಿ ಇದ್ರ ಕೆಲಸ ಅರ್ಧ, ಡವ್‌ಟೇಲ್ (ಗೋಂದು ಹಚ್ಚಿದ ಕಟಗಿ ಕೀಲು) ಇದ್ರ ಉಗಿ ಹಾಯಿಸಿ ಬಿಚ್ಚಬೇಕು. ಆ ಖರ್ಚು ಗಿಟಾರಿನ ಬೆಲಿಯಾಗ ಕಳಿ, ಇಲ್ಲಾ ಕೈ ಮುಗದು ಬಾ.

ನಟ್ಟಿನ ಎತ್ತರ: 2-3ರ ನಡುವ ತಂತಿ ಒತ್ತಿ 1ನೇ ಫ್ರೆಟ್ಟಿನ ಮ್ಯಾಲೆ ಬೆರಳಿಲೆ ತಟ್ಟು. ಕೂದಲೆಳಿ ಸಂದು, ಸಣ್ಣ "ಟಿಕ್". ಸಂದು ದೊಡ್ಡದಿದ್ರ ಎಫ್ ಕಾರ್ಡ್ ಹಿಡಿಯಾಕ ಬೆರಳು ನೋಯತಾವ, ನಟ್ಟಿನ ಹತ್ರ ಹಿಡದ ಸುರ ಏರತಾವ.

ಶಹಾಪುರ_ಹುಡುಗ (ಬೆಳಗಾವಿ)

ಕಾಕಾ, ಎಲ್ಲಾ ಬರಕೊಂಡೆ. ಬಾರಿಸಾಕ ಚಾಲೂ ಮಾಡಿದ ಮ್ಯಾಲೆ ಏನ್ ಕೇಳಬೇಕು?

ಆರನೇ_ತಂತಿ (ಬೆಳಗಾವಿ)

ಮೊದಲ ತಂತಿ ಹೊಸದಾವೇನು ನೋಡು. ಕರೆಗಟ್ಟಿದ ತಂತಿ ಇದ್ರ ಲಕ್ಷ ರೂಪಾಯಿ ಗಿಟಾರೂ ತಗಡಿನಂಗ ಕೇಳಿಸತೈತಿ. ಒಂದು 12-53 ಸೆಟ್ಟು ಕಿಸೆದಾಗ ಇಟ್ಕೊಂಡು ಹೋಗು.

ಮೆತ್ತಗ ಬಾರಿಸು. ಪ್ಲೈ ಗಿಟಾರಿಗೂ ಇದಕ್ಕೂ ವ್ಯತ್ಯಾಸ ಜೋರಿನಾಗ ಅಲ್ಲ, ಸಣ್ಣ ದನಿಯಾಗ ಇರೂದು. ಹೆಬ್ಬೆರಳಿನ ಮಾಂಸದಿಂದ ಮೀಟಿದಾಗ ಸುರ ತುಂಬಿ ಬರಬೇಕು. ನಿಧಾನ ಜೋರು ಏರಿಸಿದ್ರ ದನಿಯೂ ಜೊತಿಗೆ ಏರಬೇಕು, ನಡುವ ಎಲ್ಲೂ ಚಪ್ಪಟಿ ಆಗಬಾರದು. ಜಿ ಕಾರ್ಡ್ ಹಿಡದು ಆರೂ ತಂತಿ ಒಂದೊಂದ ಬಿಡಿಸು, ಆಮ್ಯಾಲೆ ಒಂದ ಸಲ ಸವರು. ಸವರಿದಾಗೂ ಆರು ದನಿ ಬಿಡಿಬಿಡಿ ಕೇಳಬೇಕು, ಕಲಸಿ ಮುದ್ದಿ ಆಗಬಾರದು.

ಪ್ರತಿ ತಂತಿ, 1ರಿಂದ 14ರ ತನಕ ಪ್ರತಿ ಫ್ರೆಟ್, ಒಂದೇ ಬಲದಿಂದ. ಬ್ಯಾಸರದ ಕೆಲಸ, ಬಿಡಬ್ಯಾಡ. ಒಂದ ಸುರ ಟಪ್ ಅಂತ ಸತ್ರ ಮುಂದಿನ ಫ್ರೆಟ್ ಎದ್ದೈತಿ, ಇಲ್ಲಾ ಡೆಡ್ ಸ್ಪಾಟ್ (ಸುರ ನಿಲ್ಲದ ಜಾಗಾ). ದಪ್ಪ ತಂತಿಯ 3ರಿಂದ 5ನೇ ಫ್ರೆಟ್ಟಿನಾಗ, ಅಂದ್ರ ಜಿ-ಎ ನಡುವ, ಒಂದು ಸುರ ಎದ್ದು ಗುಮ್ ಅಂತೈತಿ. ಡಬ್ಬಿಯೊಳಗಿನ ಗಾಳಿಯ ಸ್ವಂತ ಸುರ ಭಾಳಷ್ಟು ಗಿಟಾರಿನಾಗ ಅಲ್ಲೇ, 100 ಹರ್ಟ್ಸಿನ ಆಜೂಬಾಜೂ ಬೀಳತೈತಿ. ಸ್ವಲ್ಪ ಇದ್ರ ಅದು ಗಿಟಾರಿನ ಸ್ವಭಾವ. ಭಾಳ ಇದ್ರ ಮಾತ್ರ ಆ ಸುರದಾಗ ಬಾರಿಸೂ ಹಾಡು ಕಿರಿಕಿರಿ.

12ನೇ ಫ್ರೆಟ್ ಒತ್ತಿದ ಸುರಕ್ಕೂ ಅಲ್ಲೇ ಹಾರ್ಮೋನಿಕ್ಕಿಗೂ (ತಂತಿ ಒತ್ತದ ಬರೇ ಮುಟ್ಟಿ ಮೀಟಿದ ಸುರ) ಟ್ಯೂನರಿನಾಗ 3 ಸೆಂಟಿಗಿಂತ (ಅರ್ಧ ಸುರದ ನೂರನೇ ಭಾಗ ಒಂದ ಸೆಂಟ್) ಹೆಚ್ಚು ಫರಕ್ ಇದ್ರ ಸ್ಯಾಡಲ್ ನೋಡಬೇಕು. ಕೋಣಿಯ ಮೂಲಿಯಾಗ ಕುಂದರಬ್ಯಾಡ, ಗ್ವಾಡಿ ಸೇರಿ ಬೇಸ್ ಸುಳ್ಳೇ ಹೆಚ್ಚಾಗತೈತಿ. ನಿನ್ನ ಹಳೆ ಗಿಟಾರೂ ತಗೊಂಡು ಹೋಗಿ ಅದ ಖುರ್ಚಿ ಮ್ಯಾಲೆ ಕುಂತು ಎರಡೂ ಬಾರಿಸು. ಕಡೀಕ ಬ್ಯಾರೆಯವರ ಕೈಗೆ ಕೊಟ್ಟು ಎದುರು ಹತ್ತ ಫೂಟು ದೂರ ಕುಂತು ಕೇಳು. ಬಾರಿಸೂವನ ಕಿವಿಗೆ ಬರೂದು ಬ್ಯಾರೆ, ಎದುರಿನವಗ ಬರೂದು ಬ್ಯಾರೆ.

ನವನಗರ_ನೋಟ್ (ಬಾಗಲಕೋಟೆ)

"ಇನ್ನೂ ಹೊಸದು, ಬಾರಿಸಿದಂತೆ ಅರಳುತ್ತದೆ" ಎಂದು ಮಾರುವವರು ಹೇಳುತ್ತಾರೆ. ಅರಳಬಹುದು, ಅರಳದೆಯೂ ಇರಬಹುದು. ಇಂದು ಕಿವಿಗೆ ಬೀಳುವ ಸದ್ದಿಗೆ ಮಾತ್ರ ಬೆಲೆ ಕಟ್ಟಿ.

ಗುಮ್ಮಟದ_ನೆರಳು (ವಿಜಯಪುರ)

ಎಲ್ಲಾರೂ ಗಿಟಾರ್ ನೋಡಾಕ ಹೇಳಿದ್ರಿ, ಹವಾ ನೋಡಾಕ ಯಾರೂ ಹೇಳಿಲ್ಲ. ನಮ್ಮ ಮೂರ ಜಿಲ್ಲಾದಾಗ ಸಾಲಿಡ್ ಗಿಟಾರ್ ಕೆಡೂದು ಕೈಯಿಂದ ಅಲ್ಲ, ಹವಾದಿಂದ.

ಗಿಟಾರಿಗೆ ಬೇಕಾದದ್ದು ಗಾಳಿಯೊಳಗ 45ರಿಂದ 55 ಪ್ರತಿಶತ ತೇವ. ಬೆಳಗಾವಿ ಮಳಿಗಾಲದಾಗ 80-90 ಇರ್ತದ. ವಿಜಯಪುರದಾಗ ಏಪ್ರಿಲ್ ಮಧ್ಯಾಹ್ನ 30ರ ಕೆಳಗ ಇಳೀತದ, ಹೊರಗ 40 ಡಿಗ್ರಿ ಬಿಸಲು. ಕಟಗಿ ಉದ್ದಕ್ಕ ಹಿಗ್ಗೂದಿಲ್ಲ, ಅಡ್ಡಕ್ಕ ಹಿಗ್ತದ, ಕುಗ್ತದ. ಡ್ರೆಡ್‌ನಾಟ್ (ದೊಡ್ಡ ಡಬ್ಬಿಯ ಗಿಟಾರ್) ಟಾಪಿನ ಅಗಲ 400 ಮಿಮೀ ಸುಮಾರು. ತೇವ 50ರಿಂದ 25ಕ್ಕ ಬಂದು ಅಲ್ಲೇ ನಿಂತ್ರ ಅಷ್ಟಗಲದ ಸ್ಪ್ರೂಸ್ ಎರಡ ಮಿಲಿ ಕುಗ್ಗಬೇಕಂತದ. ಒಳಗಿನ ಪಟ್ಟಿ ಅದನ್ನ ಕುಗ್ಗಾಕ ಬಿಡೂದಿಲ್ಲ. ಮೊದಲ ಟಾಪ್ ತಗ್ಗಾಗ್ತದ, ಆಮ್ಯಾಲೆ ಸೀಳ್ತದ. ಸೀಳು ಬರೂ ಮುಂಚೆ ಗುರ್ತು ಕೊಡ್ತದ: ಫ್ರೆಟ್ಟಿನ ತುದಿ ಕೈಗೆ ಚುಚ್ತಾವ, ತಂತಿ ಇಳದು ಬಝ್ ಅಂತಾವ. ಮಳಿಗಾಲದಾಗ ಉಲ್ಟಾ, ಟಾಪ್ ಉಬ್ಬಿ ತಂತಿ ಏರ್ತಾವ, ದನಿ ಮಂದ ಆಗ್ತದ.

ಅದಕ್ಕ ತಮ್ಮಾ, ಶ್ರಾವಣದಾಗ ಬೆಳಗಾವಿಯಾಗ ಅಳದ 12ನೇ ಫ್ರೆಟ್ಟಿನ ಎತ್ತರ ನಂಬಬ್ಯಾಡ. 3 ಮಿಮೀ ಕಂಡ್ರ ನೆಕ್ ರೀಸೆಟ್ ಅನ್ನೂ ಮುಂಚೆ ಆ ಮನಿ ತೇವ ಎಷ್ಟಂತ ಕೇಳು. ಒಂದ ವಾರ 50 ಪ್ರತಿಶತದ ಕೇಸಿನಾಗ ಇಟ್ರ ಅರ್ಧ ಮಿಲಿ ತಾನ ಇಳದಿದ್ದು ಅಪರೂಪ ಅಲ್ಲ.

ಹೈಗ್ರೋಮೀಟರ್ (ತೇವ ಅಳಿಯೂ ಮೀಟರ್) ತಗೋ, ಆದ್ರ ಅಗ್ಗದ್ದು ಹತ್ತ ಪಾಯಿಂಟ್ ಸುಳ್ಳು ಹೇಳ್ತದ. ಪರೀಕ್ಷಾ ಮಾಡು: ಬಾಟ್ಲಿ ಮುಚ್ಚಳದಾಗ ಅಡಿಗಿ ಉಪ್ಪು, ಹಸಿ ಉಸುಕಿನಂಗ ಆಗೂವಷ್ಟ ಹನಿ ನೀರು, ಕರಗಬಾರದು. ಅದನ್ನ ಮೀಟರ್ ಜೊತಿ ಗಟ್ಟಿ ಮುಚ್ಚೂ ಡಬ್ಬಿಯಾಗ ಇಟ್ಟು ಒಂದ ರಾತ್ರಿ ಬಿಡು. ಮುಂಜಾನೆ 75 ತೋರಿಸಬೇಕು. 69 ತೋರಿಸಿದ್ರ ಯಾವಾಗ್ಲೂ 6 ಕೂಡಿಸ್ಕೋ.

ನಮ್ಮ ಕಡೆ ಬ್ಯಾಸಿಗ್ಯಾಗ ಕೂಲರ್ ಹಚ್ತಾರ. ಕೂಲರಿನ ಹಸಿ ಗಾಳಿ ಕೋಣಿಗೆ ಚಲೋ, ಗಿಟಾರನ್ನ ಅದರ ಮೊಗಕ್ಕ ಇಡಬ್ಯಾಡ. ಎಸಿ ಗಾಳಿ ಒಣಗಿಸ್ತದ. ಗಿಟಾರ್ ಗ್ವಾಡಿಗೆ ತೂಗ ಹಾಕೂದು ಫೋಟೋಕ್ಕ ಚಂದ, ಅದರ ಜಾಗಾ ಹಾರ್ಡ್ ಕೇಸು. ಸಾಬಾಣದ ಡಬ್ಬಿಗೆ ತೂತು ಕೊರದು, ಒಳಗ ಹಿಂಡಿದ ಸ್ಪಂಜು ಇಟ್ಟು, ಕೇಸಿನಾಗ ಹೆಡ್‌ಸ್ಟಾಕಿನ (ಕೀ ಇರೂ ತಲಿ) ಬಾಜೂಕ ಇಟ್ರ ಬ್ಯಾಸಿಗಿ ಕಳೀತದ. ಸ್ಪಂಜಿನಿಂದ ನೀರ ತೊಟ್ಟಿಕ್ಕಬಾರದು. ಮಳಿಗಾಲದಾಗ ಸಿಲಿಕಾ ಜೆಲ್, ಅದೂ ಮೀಟರ್ ನೋಡ್ಕೋತ. ಬಣ್ಣ ಬದಲಾದ ಮ್ಯಾಲೆ ಅದು ಕೆಲಸ ಮಾಡೂದಿಲ್ಲ, ಒಣಗಿಸಿ ಇಡಬೇಕು.

ಕೃಷ್ಣಾ_ಕಾಠ (ಜಮಖಂಡಿ)

ಒಂದು ಪ್ರಶ್ನೆ. ಇಂಥಾ ಗಿಟಾರಿಗೆ ತರಬ್ ತಂತಿ (ಮೀಟದ ತಾನ ಜೊತಿಗೆ ಮಿಡಿಯೂ ತಂತಿ) ಕೂಡಿಸಿ ಹಿಂದೂಸ್ತಾನಿ ಸ್ಲೈಡ್ (ತಂತಿ ಮ್ಯಾಲೆ ಸಲಾಕಿ ಜಾರಿಸಿ) ಬಾರಿಸಾಕ ಬರತೈತೇನ್ರಿ? ದನಿ ಚಲೋ ಐತಿ ಅಂದ್ರ ಅದಕ್ಕೂ ಚಲೋ ಅಲ್ಲೇನ್ರಿ?

ಜವಾರಿ_ಕಿವಿ (ಬೆಳಗಾವಿ)

ಬ್ಯಾಡ್ರಿ, ದಯವಿಟ್ಟು. ಹಿಂದೂಸ್ತಾನಿ ಸ್ಲೈಡ್ ಬಾರಿಸಿದ ಬ್ರಿಜ್‌ಭೂಷಣ ಕಾಬ್ರಾ, ವಿಶ್ವಮೋಹನ ಭಟ್ ಹಿಡದದ್ದು ಆರ್ಚ್‌ಟಾಪ್ (ಟಾಪ್ ಕಮಾನಿನಂಗ ಉಬ್ಬಿದ) ಗಿಟಾರು. ಅದರಾಗ ತಂತಿ ಟೇಲ್‌ಪೀಸಿಗೆ (ಡಬ್ಬಿಯ ತುದಿಗೆ ಹಚ್ಚಿದ ಹಿಡಿಕಿ) ಕಟ್ಟಿರತಾವ, ಎಳೆತ ಗಿಟಾರಿನ ತುದಿಯ ಗಟ್ಟಿ ಕಟಗಿ ಮ್ಯಾಲೆ ಬೀಳತೈತಿ, ಟಾಪ್ ಬರೇ ಕೆಳಗ ಒತ್ತಿಸ್ಕೊಳ್ಳತೈತಿ. ಇದರಂಥ ಫ್ಲಾಟ್‌ಟಾಪಿನಾಗ ಬ್ರಿಜ್ಜನ್ನ ಟಾಪಿಗೇ ಅಂಟಿಸಿರತಾರ, ಆರು ತಂತಿಯ ಎಳೆತಕ್ಕ ತೂಗಿ ಎರಡೂವರಿ-ಮೂರ ಮಿಲಿ ದಪ್ಪ ಉಳಿಸಿರತಾರ. ಇನ್ನೊಂದು ಹನ್ನೆರಡ ತರಬ್ ಹಾಕಿದ್ರ ಬ್ರಿಜ್ ಕಿತಗೊಂಡ ಬರತೈತಿ. ಕೀ ಕೂಡ್ರಸಾಕ ಕೊರದ ತೂತು ಮತ್ತ ಮುಚ್ಚಾಕ ಬರೂದಿಲ್ಲ.

ಆರ ತಂತಿಯಾಗ ಸ್ಲೈಡ್ ಬಾರಿಸೂದಾದ್ರ ದಾರಿ ಐತಿ. ತಂತಿ ಎತ್ತರಿಸೂ ನಟ್ ಎಕ್ಸ್‌ಟೆಂಡರ್ ಸಿಗತೈತಿ, ಹಳೆ ನಟ್ಟಿನ ಮ್ಯಾಲೆ ಕೂಡ್ರಿಸೂದಷ್ಟ, ಕೊರಿಯೂದು ಅಂಟಿಸೂದು ಏನಿಲ್ಲ. ಓಪನ್ ಡಿ ಸುರ ಹಚ್ರಿ: ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ನಾಕ ತಂತಿ ಇಳಿತಾವ, ಏರೂದು ಒಂದೂ ಇಲ್ಲ, ಟಾಪಿಗೆ ಭಾರ ಕಡಿಮಿ. ಓಪನ್ ಇ ಮಾಡಿದ್ರ ಮೂರು ತಂತಿ ಏರತಾವ, ಅದನ್ನ ಬಿಡ್ರಿ.

ಶಹಾಪುರ_ಹುಡುಗ (ಬೆಳಗಾವಿ)

ತಗೊಂಡ್ರ ಅದನ್ನ ವಿಜಯಪುರದ ಅಕ್ಕನ ಮನಿಗೆ ಒಯ್ಯೂದೈತಿ. ಬಸ್ಸಿನಾಗ ಒಯ್ಯಬಹುದಾ? ತಂತಿ ಪೂರಾ ಬಿಚ್ಚಬೇಕಾ?

ಗುಮ್ಮಟದ_ನೆರಳು (ವಿಜಯಪುರ)

ಪೂರಾ ಬಿಚ್ಚಬ್ಯಾಡ. ಎಲ್ಲಾ ತಂತಿ ಒಂದೊಂದ ಸುರ ಇಳಿಸು, ಸಾಕು. ಕೇಸಿನಾಗ ಕುತಗಿಯ ಕೆಳಗ, ಹೆಡ್‌ಸ್ಟಾಕಿನ ಎರಡೂ ಬಾಜೂಕ ಮಡಚಿದ ಟಾವೆಲ್ ತುರುಕು. ಕೇಸು ಬಿದ್ರ ಮೊದಲ ಮುರಿಯೂದು ಹೆಡ್‌ಸ್ಟಾಕಿನ ಬುಡ. ಡಿಕ್ಕಿಯಾಗ ಹಾಕಬ್ಯಾಡ, ಬಸ್ಸಿನೊಳಗ ನಿನ್ನ ಕಾಲ ಮುಂದ ಇರ್ಲಿ. ಕಾರಿನಾಗ ಬಂದ್ರ ಊಟಕ್ಕ ಇಳದಾಗ ಗಿಟಾರೂ ಇಳಿಸ್ಕೋ. ಬಿಸಲಾಗ ನಿಂತ ಮುಚ್ಚಿದ ಕಾರಿನೊಳಗ 60 ಡಿಗ್ರಿ ಆಗ್ತದ, ಆ ಬಿಸಿಗೆ ಗೋಂದು ಮೆತ್ತಗಾಗಿ ಬ್ರಿಜ್ ಜಾರ್ತದ.

ಮನಿಗೆ ಮುಟ್ಟಿದ ಕೂಡಲೇ ಅಕ್ಕಗ ತೋರಸಬೇಕಂತ ಕೇಸು ತೆರೀಬ್ಯಾಡ. ನಾಕ-ಐದ ತಾಸು ಮುಚ್ಚೇ ಇರ್ಲಿ, ಒಳಗಿನ ಹವಾ ನಿಧಾನ ಹೊರಗಿನದಕ್ಕ ಹೊಂದ್ಲಿ.

ಆರನೇ_ತಂತಿ (ಬೆಳಗಾವಿ)

ಒಂದ ಸಣ್ಣದು ಉಳೀತು. ಸ್ಟ್ಯಾಂಡಿಗೆ ಹಾಕೂದಾದ್ರ ರಬ್ಬರ್ ತಾಗೂ ಕಡೆ ಹತ್ತಿ ಅರಿಬಿ ಸುತ್ತು. ಕೆಲವು ರಬ್ಬರು ನೈಟ್ರೊ ಲ್ಯಾಕರಿಗೆ ಅಂಟಿ ಕರೆ ಕಲೆ ಬಿಡತಾವ, ಪಾಲಿಶ್ ಮಾಡಿದ್ರೂ ಹೋಗೂದಿಲ್ಲ. ನೀ ನೋಡಾಕ ಹೋದ ಗಿಟಾರಿನ ಕುತಗಿಯ ಹಿಂದ, ನಟ್ಟಿನ ಕೆಳಗೂ ಅಂಥಾ ಕಲೆ ಅದಾವೇನು ನೋಡು. ಇದ್ರ ಸದ್ದಿಗೆ ಏನೂ ತೊಂದ್ರಿ ಇಲ್ಲ, ಬೆಲಿಯಾಗ ಎರಡ ಸಾವಿರ ಕಳಿಯಾಕ ಮಾತ್ರ ಬರತೈತಿ.